ಟ್ಯಾಲೆಂಟ್: ಪದದ ಅರ್ಥ, ಬಳಕೆ, ಮೂಲ

'ಹುಡುಗಿಗೆ ಒಳ್ಳೆ ಟ್ಯಾಲೆಂಟ್ ಇದೆ' ಎನ್ನುತ್ತೇವೆ. ಇಲ್ಲಿ ಟ್ಯಾಲೆಂಟ್ ಎಂದರೆ ಸಹಜ ಪ್ರತಿಭೆ. ಪ್ರತಿಭಾವಂತರನ್ನು ಒಟ್ಟಾಗಿ ಸೂಚಿಸಲೂ ಈ ನಾಮಪದ ಬಳಕೆಯಲ್ಲಿದೆ.

ಮೂಲದಲ್ಲಿ ಇದು ಒಂದು ತೂಕ. ಗ್ರೀಕಿನ 'ತಾಲಾಂತೊನ್' ಎಂದರೆ ತಕ್ಕಡಿ, ತೂಕ. ಅದು ಲ್ಯಾಟಿನ್‌ನ 'ತಾಲೆಂತುಮ್' ಮೂಲಕ ಇಂಗ್ಲಿಷಿಗೆ ಬಂತು. ಕನ್ನಡ ಬೈಬಲಿನಲ್ಲಿ 'ತಲಾಂತು' ಎಂದಾಗಿದೆ. ಅಥೆನ್ಸಿನ ಒಂದು ತಲಾಂತು ಸುಮಾರು 26 ಕಿಲೋ. ಅಷ್ಟು ಬೆಳ್ಳಿ ಎಂದರೆ 6,000 ನಾಣ್ಯ.

ತೂಕದ ಹೆಸರು ಪ್ರತಿಭೆಗೆ ಬಂದದ್ದು ಮತ್ತಾಯರ ಶುಭಸಂದೇಶದ (25:14-30) ಸಾಮತಿಯಿಂದ. ಪರದೇಶಕ್ಕೆ ಹೊರಟ ಯಜಮಾನ ಮೂವರು ಸೇವಕರಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸುತ್ತಾನೆ. ಇಬ್ಬರು ದುಡಿಸಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ಹೆದರಿ ಮಣ್ಣಿನಲ್ಲಿ ಹೂಳುತ್ತಾನೆ.

ಆ ಒಂದು ತಲಾಂತು ಅಲ್ಪವೇನಲ್ಲ. ಆಗ ದಿನಗೂಲಿ ಒಂದು ಬೆಳ್ಳಿ ನಾಣ್ಯ (ಮತ್ತಾಯ 20:2). ವರ್ಷಕ್ಕೆ 300 ದಿನ ದುಡಿದರೂ 6,000 ನಾಣ್ಯಕ್ಕೆ 20 ವರ್ಷ ಬೇಕು!

'ನನಗೇನೂ ಬರುವುದಿಲ್ಲ ಫಾದರ್' ಎಂದು ಹಿಂದೆ ಸರಿಯುವವರು ಇದನ್ನು ಗಮನಿಸಬೇಕು. ಸಾಮತಿಯಲ್ಲಿ ಬರಿಗೈಯವರು ಯಾರೂ ಇಲ್ಲ. ವೇದಿಕೆಯಲ್ಲಿ ಮಿಂಚುವವರೂ ಮರೆಯಬಾರದು: ತಲಾಂತು ಸೇವಕನದ್ದಲ್ಲ, ಯಜಮಾನ ನಂಬಿ ಒಪ್ಪಿಸಿದ್ದು.