ಹಳೆಯ ಇಟಾಲಿಯನ್ ಕೆಂಪು ವೈನ್: ಗುಣ ಪರೀಕ್ಷೆಯ ಬಗೆ

ಹಡಪಸರದಿಂದ ಸೋಲಾಪುರ ರಸ್ತೆಯನ್ನು ಹಿಡಿದು ಹೊರಟರೆ ಮೊದಲು ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ, ಮುಂದೆ ಇಂದಾಪುರದ ಆಚೆ ಸೋಲಾಪುರ ಜಿಲ್ಲೆಯ ಅಕಲೂಜ್ ಸಿಗುತ್ತವೆ. ಇಟಲಿಯ ಟಸ್ಕನಿ ಪ್ರಾಂತದ ಸಾಂಜೊವೇಸೆ ದ್ರಾಕ್ಷಿ ಈ ಅಕಲೂಜ್ ಸೀಮೆಯಲ್ಲಿ ಬೆಳೆಯುತ್ತಿದೆಯೆಂಬುದು ನಮ್ಮವರಲ್ಲಿ ಅನೇಕರಿಗೆ ಸೋಜಿಗವೆನಿಸೀತು. 2007ರ ಸುಮಾರಿಗೆ ಇಟಲಿಯ ಸೆಚ್ಚಿ, ದೆಹಲಿಯ ಸೇಖ್ರಿ ಮತ್ತು ಅಕಲೂಜಿನ ಮೋಹಿತೆ-ಪಾಟೀಲ ಸಹೋದರರು ಕೂಡಿ ಕಟ್ಟಿದ ಸಂಸ್ಥೆ ‘ಫ್ರಾಟೆಲ್ಲಿ’. ಆ ಪದದ ಅರ್ಥವೇ ಸಹೋದರರು. ಈ ಆರು ಜನರೊಡನೆ ಟಸ್ಕನಿಯ ವೈನ್ ತಜ್ಞ ಪಿಯೆರೊ ಮಾಸಿ ಸೇರಿ ಏಳಾದರು. ಅದರಿಂದಲೇ ಅವರ ಹೆಸರಾಂತ ಕೆಂಪು ವೈನಿಗೆ ‘ಸೆಟ್ಟೆ’, ಅಂದರೆ ಏಳು, ಎಂದು ನಾಮಕರಣವಾಯಿತು. ಸಾಂಜೊವೇಸೆ ಹಾಗೂ ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿಗಳ ಈ ಮಿಶ್ರಣವನ್ನು ಓಕ್ ಮರದ ಪೀಪಾಯಿಯಲ್ಲಿಟ್ಟು ಮಾಗಿಸುತ್ತಾರೆ.

ಮೂಲ ದೇಶದಲ್ಲಿ ಮಾಗಿಸುವುದಕ್ಕೆ ಕಾನೂನೇ ಇದೆ. ಸಾಂಜೊವೇಸೆಯೊಂದರಿಂದಲೇ ತಯಾರಾಗುವ ಬ್ರೂನೆಲ್ಲೊ ದಿ ಮೊಂತಾಲ್ಚಿನೊ, ಸುಗ್ಗಿಯ ನಂತರದ ಐದನೆಯ ವರ್ಷದ ಜನವರಿಗೆ ಮೊದಲು ಮಾರಾಟಕ್ಕೆ ಬರುವಂತಿಲ್ಲ. ನೆಬ್ಬಿಯೋಲೊ ದ್ರಾಕ್ಷಿಯ ಬರೋಲೊ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ.

ಇಷ್ಟರಿಂದ ಹಳೆಯದೆಲ್ಲ ಉತ್ತಮವೆಂದು ತಿಳಿಯಬಾರದು. ವಿದೇಶದಿಂದ ಬಂದ ಮಕ್ಕಳು ತಂದುಕೊಟ್ಟ ಸೀಸೆಯನ್ನು ವಿವಾಹದ ಬೆಳ್ಳಿಹಬ್ಬಕ್ಕೆಂದು ಅಡುಗೆಮನೆಯ ಅಟ್ಟದಲ್ಲಿ ಕಾಪಿಡುವ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಲ್ಲ. ಪುಣೆಯ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ವೈನಿಗೆ ಬೇಕಾದುದು 12-14 ಡಿಗ್ರಿಯ ಸ್ಥಿರವಾದ ತಂಪು ಮತ್ತು ಕತ್ತಲೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಇದು ಅವಧಿ ಹೆಚ್ಚಿದಂತೆಲ್ಲ ಬಡ್ಡಿ ಬೆಳೆಯುವ ಠೇವಣಿಯಲ್ಲ. ಬಿರಡೆ ಮೇಲಕ್ಕುಬ್ಬಿದ್ದರೆ, ಸೀಸೆಯ ಕೊರಳು ಅಂಟಂಟಾಗಿದ್ದರೆ ಸೆಕೆ ತನ್ನ ಕೆಲಸ ಮಾಡಿದೆಯೆಂದೇ ಊಹಿಸಬಹುದು.

ಪರೀಕ್ಷಿಸುವ ಹಿಂದಿನ ದಿನವೇ ಸೀಸೆಯನ್ನು ನೆಟ್ಟಗೆ ನಿಲ್ಲಿಸಿದರೆ ಗಸಿ ತಳಕ್ಕಿಳಿಯುತ್ತದೆ. ಬಡಿಸುವಾಗ 16ರಿಂದ 18 ಡಿಗ್ರಿ ಇರಲಿ; ನಮ್ಮ ಬೇಸಿಗೆಯಲ್ಲಿ ಅದಕ್ಕೆ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಅನಿವಾರ್ಯ. ಲೋಟದ ಮೂರನೆಯ ಒಂದು ಭಾಗ ಮಾತ್ರ ಸುರಿದು, ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ನೋಡಬೇಕು. ಮಾಗಿದ ಸಾಂಜೊವೇಸೆಯ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುವುದು ಸಹಜ. ಪೂರ್ತಿ ಕಂದಾಗಿದ್ದರೆ ಸಂಶಯಪಡಬೇಕು. ಬಳಿಕ ಮೂಗು. ಒಣಗಿದ ಚೆರ್ರಿ, ಚಹಾದ ಎಲೆ, ಚರ್ಮ, ಹೊಗೆಸೊಪ್ಪಿನ ವಾಸನೆಗಳು ಶುಭಲಕ್ಷಣ. ಮಳೆಗಾಲದಲ್ಲಿ ನೆಂದ ರಟ್ಟಿನಂಥ ಮುಗ್ಗಲು ವಾಸನೆ ಬಿರಡೆಯ ದೋಷ. ಅದು ಗಾಳಿಗಿಟ್ಟರೂ ಹೋಗದು.

ಬಾಯಲ್ಲಿ ಅಳೆಯಬೇಕಾದ ಮುಖ್ಯ ಗುಣ ಒಗರು. ಆಂಗ್ಲರು ಟ್ಯಾನಿನ್ ಎಂದು ಪಾಠ ಹೇಳುವುದನ್ನು ನಾವು ನೇರಳೆಹಣ್ಣಿನಲ್ಲೂ ಬಾಳೆಕಾಯಿಯಲ್ಲೂ ಎಳೆ ಅಡಿಕೆಯಲ್ಲೂ ಬಾಲ್ಯದಿಂದ ಬಲ್ಲೆವು. ಷಡ್ರಸಗಳಲ್ಲಿ ಅದಕ್ಕೊಂದು ಸ್ಥಾನವೇ ಇದೆ. ಎಳೆಯ ವೈನಿನ ಒಗರು ಒಸಡನ್ನು ಹಿಡಿದೆಳೆಯುತ್ತದೆ. ವರ್ಷಗಳು ಕಳೆದಂತೆ ಟ್ಯಾನಿನ್ನಿನ ಅಣುಗಳು ಒಂದಕ್ಕೊಂದು ಕೂಡಿ, ಕೆಲವು ಗಸಿಯಾಗಿ ಇಳಿದು, ಅದು ನಯವಾಗುತ್ತದೆ. ಆ ವೇಳೆಗೆ ಹುಳಿಯೂ ಹಣ್ಣಿನ ಸವಿಯೂ ಉಳಿದಿದ್ದರೆ ವೈನ್ ಜೀವಂತವಾಗಿದೆ. ಹಣ್ಣು ಕರಗಿ ಬರಿಯ ಹುಳಿ ಮಾತ್ರ ನಿಂತಿದ್ದರೆ, ಬೆಲೆಪಟ್ಟಿಯಲ್ಲಿ ಏನೇ ಬರೆದಿರಲಿ, ಅದರ ಕಾಲ ಮುಗಿದಿದೆ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನೂ ಗಮನಿಸಬೇಕು.

ಬಹಳ ಹಳೆಯ ಸೀಸೆಯನ್ನು ತೆರೆದ ಮೇಲೆ ಗಂಟೆಗಟ್ಟಲೆ ಗಾಳಿಗಿಡುವುದು ಬೇಡ, ಪರಿಮಳ ಬೇಗ ಹಾರಿಹೋಗುತ್ತದೆ. ಖಾರವು ಒಗರನ್ನು ಕೆರಳಿಸುವುದರಿಂದ ಪರೀಕ್ಷೆಯ ಹೊತ್ತಿಗೆ ಸೋಲಾಪುರದ ಶೇಂಗಾ ಚಟ್ನಿಯನ್ನು ದೂರವಿಟ್ಟು, ಸಪ್ಪೆ ಬ್ರೆಡ್ಡಿನ ಚೂರು ಮತ್ತು ನೀರನ್ನು ಜೊತೆಗಿಟ್ಟುಕೊಂಡರೆ ಸಾಕು.