ಏಕಾಂಗಿ ಸ್ಕೂಬಾ ಡೈವಿಂಗ್: ನೀರಿಗಿಳಿಯುವ ಮುನ್ನ ಆತ್ಮಪರೀಕ್ಷೆ

ಮಲಪ್ರಭಾ ನದಿಯನ್ನು ನೆಚ್ಚಿ ಬದುಕುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಸೀಮೆಯಲ್ಲಿ ಈಜು ಹೊಸ ವಿದ್ಯೆಯೇನಲ್ಲ. ಹೊಳೆ, ಕೆರೆ, ಬಾವಿಗಳಲ್ಲಿ ಈಜು ಕಲಿತವರು ಊರೂರಿನಲ್ಲಿಯೂ ಇದ್ದಾರೆ. ಆದರೆ ಆ ಧೈರ್ಯವೊಂದನ್ನೇ ನಂಬಿ ಸ್ಕೂಬಾ ಡೈವಿಂಗ್‌ಗೆ ಒಂಟಿಯಾಗಿ ಇಳಿಯುವುದು ಪ್ರಾಣಾಪಾಯಕ್ಕೆ ಆಹ್ವಾನವಿತ್ತಂತೆ. ಈಜುಗಾರ ನೀರಿನ ಮೇಲೆ ಉಸಿರಾಡುತ್ತಾನೆ. ಡೈವರ್ ನೀರಿನಡಿಯಲ್ಲಿ ಸಿಲಿಂಡರಿನ ಒತ್ತಡಯುಕ್ತ ಗಾಳಿಯನ್ನು ಉಸಿರಾಡುತ್ತಾನೆ. ಉಸಿರು ಬಿಗಿಹಿಡಿದು ಮೇಲೇರಿದರೆ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು.

ಜೊತೆಗಾರನ ಸ್ಥಾನ: ಇಬ್ಬರು ಕೂಡಿ ಇಳಿಯುವುದು ಈ ಕ್ರೀಡೆಯ ಸಾಮಾನ್ಯ ನಿಯಮ. ಗಾಳಿ ಮುಗಿದರೆ ಹಂಚಿಕೊಳ್ಳಲು, ಬಲೆಯಲ್ಲಿ ಸಿಲುಕಿದರೆ ಬಿಡಿಸಲು, ಮತಿ ಮಂಕಾದರೆ ಗುರುತಿಸಲು ಜೊತೆಗಾರನಿರುತ್ತಾನೆ. ಒಂಟಿಯಾಗಿ ಇಳಿಯುವವನು ಈ ಮೂರನ್ನೂ ತಾನೇ ಮಾಡಿಕೊಳ್ಳಬೇಕು. ಆದ್ದರಿಂದಲೇ 'ಪಾಡಿ' ಸಂಸ್ಥೆಯ ಸ್ವಾವಲಂಬಿ ಡೈವರ್ ತರಬೇತಿಗೆ ಕನಿಷ್ಠ 18 ವರ್ಷ ವಯಸ್ಸು ಮತ್ತು ದಾಖಲಾದ 100 ಡೈವ್‌ಗಳ ಅನುಭವ ಕಡ್ಡಾಯ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ತರಬೇತುದಾರನ ಕೈಹಿಡಿದು ಒಮ್ಮೆ ಮುಳುಗಿ ಬಂದವರು ಈ ಅರ್ಹತೆಯಿಂದ ಬಹು ದೂರದಲ್ಲಿದ್ದಾರೆ.

ಗಾಳಿಯ ಲೆಕ್ಕ: ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವವನಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು. 12 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದ್ದರೆ ಒಟ್ಟು ಗಾಳಿ 2,400 ಲೀಟರ್. ಮೂರನೆಯ ಒಂದು ಭಾಗವನ್ನು ಆಪತ್ತಿಗೆಂದು ಮೀಸಲಿಟ್ಟರೆ ಉಳಿಯುವುದು ಸುಮಾರು 26 ನಿಮಿಷದ ಉಸಿರು. ಗಾಬರಿಯಾದರೆ ಅದೂ ಬೇಗನೆ ಕರಗುತ್ತದೆ. ತನ್ನ ಬಳಕೆ ಎಷ್ಟೆಂದು ಅಳೆದು ತಿಳಿಯದವನು ಒಂಟಿಯಾಗಿ ಇಳಿಯತಕ್ಕದ್ದಲ್ಲ. ಪ್ರತ್ಯೇಕ ರೆಗ್ಯುಲೇಟರ್ ಇರುವ ಎರಡನೆಯ ಸಿಲಿಂಡರ್ ಕೂಡ ಅವಶ್ಯ.

ಜಲಾಶಯ ಸಮುದ್ರವಲ್ಲ: ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯ ಹಿಂದಿರುವ ರೇಣುಕಾಸಾಗರದ ಪೂರ್ಣ ಮಟ್ಟ 2079.50 ಅಡಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 634 ಮೀಟರ್. 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಸಮುದ್ರದ ಡೈವ್ ಕೋಷ್ಟಕಗಳನ್ನು ತಿದ್ದುಪಡಿಯಿಲ್ಲದೆ ಬಳಸುವಂತಿಲ್ಲ. ಹೊರಗಿನ ವಾಯುಭಾರ ಕಡಿಮೆಯಿರುವುದರಿಂದ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟುವ ಸಂಭವ ಹೆಚ್ಚು. ಇದಲ್ಲದೆ ಕೆಸರು, ಮುಳುಗಿದ ಗಿಡಗಂಟಿ, ಮೀನುಬಲೆ ಹಾಗೂ ಗೇಟುಗಳ ಸೆಳೆತವೂ ಅಪಾಯಕಾರಿ. 2019ರ ಆಗಸ್ಟ್‌ನಲ್ಲಿ ಇದೇ ಜಲಾಶಯದಿಂದ ಹೊರಬಿಟ್ಟ ನೀರು ಕೆಳಭಾಗದ ರಾಮದುರ್ಗ ಪ್ರದೇಶವನ್ನು ಜಲಾವೃತಗೊಳಿಸಿತ್ತು. ಸಂಬಂಧಪಟ್ಟ ಅಧಿಕಾರಿಗಳ ಅನುಮತಿಯಿಲ್ಲದೆ ಅಣೆಕಟ್ಟೆಯ ನೀರಿಗೆ ಇಳಿಯಲೇಬಾರದು.

ಮರಳುವ ದಾರಿ: ನೇತ್ರಾಣಿಯಲ್ಲಿ ಡೈವ್ ಮಾಡಿದವರು ಅಂದೇ ಘಟ್ಟ ಹತ್ತಿ ಊರು ಸೇರಲು ಅವಸರಿಸಬಾರದು. ಬೈಲಹೊಂಗಲ, ಕಿತ್ತೂರುಗಳು 600 ಮೀಟರಿಗಿಂತ ಎತ್ತರದಲ್ಲಿವೆ. ವಿಮಾನವೇರುವ ಮುನ್ನ ಒಂದು ಡೈವ್‌ಗೆ 12 ಗಂಟೆ, ಹಲವು ಡೈವ್‌ಗಳಿಗೆ 18 ಗಂಟೆ ಕಾಯಬೇಕೆಂಬ ಸಲಹೆಯನ್ನು ಘಟ್ಟದ ಪಯಣಕ್ಕೂ ಪಾಲಿಸುವುದು ಕ್ಷೇಮಕರ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು:

* ಆಸ್ತಮಾ, ಮೂರ್ಛೆ, ಹೃದ್ರೋಗ, ಕಿವಿಯ ತೊಂದರೆ ಇಲ್ಲವೆಂದು ವೈದ್ಯರು ದೃಢಪಡಿಸಿದ್ದಾರೆಯೇ?
* ಮುಖವಾಡ ಕಳಚಿದಾಗ, ಗಾಳಿ ನಿಂತಾಗ ಏನು ಮಾಡಬೇಕೆಂಬುದನ್ನು ಇತ್ತೀಚೆಗೆ ಅಭ್ಯಾಸ ಮಾಡಲಾಗಿದೆಯೇ?
* ಎಲ್ಲಿ ಇಳಿದದ್ದು, ಎಷ್ಟು ಹೊತ್ತಿಗೆ ಮೇಲೆ ಬರುವುದು ಎಂಬುದು ದಡದಲ್ಲಿರುವವರಿಗೆ ಗೊತ್ತಿದೆಯೇ?
* ನಿದ್ದೆಗೇಡು, ಮದ್ಯ, ಮನಸ್ಸಿನ ಕಳವಳ ಇವುಗಳಿಂದ ಇಂದು ಮುಕ್ತನಾಗಿರುವೆನೇ?
* ಒಂಟಿಯಾಗಿ ಇಳಿಯಬೇಕೆಂಬುದು ಸ್ವಂತ ನಿರ್ಧಾರವೇ ಅಥವಾ ಗೆಳೆಯರೆದುರಿನ ಪಂಥವೇ?

ಇವುಗಳಲ್ಲಿ ಒಂದಕ್ಕೆ ಸಮಾಧಾನಕರ ಉತ್ತರ ದೊರೆಯದಿದ್ದರೂ ಅಂದು ದಡದಲ್ಲೇ ಉಳಿಯುವುದು ಹೇಡಿತನವಲ್ಲ. ನೀರು ನಾಳೆಯೂ ಅಲ್ಲಿಯೇ ಇರುತ್ತದೆ.