ಭಾರತದ ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳು: ಭೌಗೋಳಿಕ ತುದಿಗಳು

ಸ್ಥಾನ ಮತ್ತು ವಿಸ್ತಾರ

ಭಾರತವು ಉತ್ತರ ಗೋಳಾರ್ಧದಲ್ಲಿದ್ದು, ಅದರ ಮುಖ್ಯಭೂಮಿಯು 8°4' ರಿಂದ 37°6' ಉತ್ತರ ಅಕ್ಷಾಂಶ ಹಾಗೂ 68°7' ರಿಂದ 97°25' ಪೂರ್ವ ರೇಖಾಂಶಗಳ ನಡುವೆ ಹರಡಿಕೊಂಡಿದೆ. ದೇಶದ ಒಟ್ಟು ವಿಸ್ತೀರ್ಣ 32,87,263 ಚದರ ಕಿ.ಮೀ. ಅಕ್ಷಾಂಶ ಮತ್ತು ರೇಖಾಂಶಗಳ ಅಂತರ ಎರಡೂ ಸುಮಾರು 29 ಡಿಗ್ರಿಗಳಷ್ಟಿದ್ದರೂ ಉತ್ತರ-ದಕ್ಷಿಣ ಉದ್ದವು 3,214 ಕಿ.ಮೀ., ಪೂರ್ವ-ಪಶ್ಚಿಮ ಅಗಲವು 2,933 ಕಿ.ಮೀ. ಆಗಿರುತ್ತದೆ. ಧ್ರುವಗಳ ಕಡೆಗೆ ಸಾಗಿದಂತೆ ರೇಖಾಂಶಗಳು ಪರಸ್ಪರ ಸಮೀಪಿಸುವುದೇ ಈ ವ್ಯತ್ಯಾಸಕ್ಕೆ ಕಾರಣ.

ನಾಲ್ಕು ದಿಕ್ಕುಗಳ ತುದಿಗಳು

ಉತ್ತರ: ಭಾರತದ ಆಡಳಿತಕ್ಕೆ ಒಳಪಟ್ಟ ಭೂಭಾಗದ ಉತ್ತರ ತುದಿಯು ಲಡಾಖ್ ಕೇಂದ್ರಾಡಳಿತ ಪ್ರದೇಶದ ಸಿಯಾಚಿನ್ ಹಿಮನದಿಯ ಮೇಲ್ಭಾಗದಲ್ಲಿರುವ ಇಂದಿರಾ ಕೋಲ್ ಕಣಿವೆಮಾರ್ಗದ ಬಳಿ ಇದೆ. 2019ರಲ್ಲಿ ಜಮ್ಮು ಮತ್ತು ಕಾಶ್ಮೀರವು ಪುನರ್ವಿಂಗಡಣೆಯಾದ ನಂತರ, ರಾಜ್ಯಗಳ ಪೈಕಿ ಹಿಮಾಚಲ ಪ್ರದೇಶವು ಅತ್ಯಂತ ಉತ್ತರದ ರಾಜ್ಯವೆನಿಸಿದೆ.

ದಕ್ಷಿಣ: ಮುಖ್ಯಭೂಮಿಯ ದಕ್ಷಿಣ ತುದಿ ತಮಿಳುನಾಡಿನ ಕನ್ಯಾಕುಮಾರಿ. ದ್ವೀಪಗಳನ್ನೂ ಪರಿಗಣಿಸಿದರೆ ಗ್ರೇಟ್ ನಿಕೋಬಾರ್ ದ್ವೀಪದ ಇಂದಿರಾ ಪಾಯಿಂಟ್ (6°45' ಉತ್ತರ).

ಪೂರ್ವ: ಅರುಣಾಚಲ ಪ್ರದೇಶದ ಅಂಜಾವ್ ಜಿಲ್ಲೆಯ ಕಿಬಿತೂ ಪ್ರದೇಶ.

ಪಶ್ಚಿಮ: ಗುಜರಾತಿನ ಕಛ್ ಜಿಲ್ಲೆಯ ಗುಹಾರ್ ಮೋತಿ ಪ್ರದೇಶ.

ಉತ್ತರ ಹಾಗೂ ದಕ್ಷಿಣ ತುದಿಗಳೆರಡೂ 'ಇಂದಿರಾ' ಎಂಬ ಹೆಸರನ್ನು ಹೊಂದಿದ್ದರೂ ಅವುಗಳ ಮೂಲ ಬೇರೆ ಬೇರೆ. ಇಂದಿರಾ ಕೋಲ್‌ಗೆ 1912ರಲ್ಲಿ ಪರ್ವತಾರೋಹಿ ಫ್ಯಾನಿ ಬುಲಕ್ ವರ್ಕ್‌ಮನ್ ಅವರು ಲಕ್ಷ್ಮೀದೇವಿಯ ಹೆಸರನ್ನಿಟ್ಟರು. ಹಿಂದೆ ಪಿಗ್ಮಾಲಿಯನ್ ಪಾಯಿಂಟ್ ಎನಿಸಿಕೊಂಡಿದ್ದ ದಕ್ಷಿಣ ತುದಿಗೆ ಮಾಜಿ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರ ಹೆಸರನ್ನು ಇಡಲಾಗಿದೆ.

ಇಂದಿರಾ ಪಾಯಿಂಟ್ ಮತ್ತು 2004ರ ಸುನಾಮಿ

ತುದಿಗಳು ಸ್ಥಿರವಾದವುಗಳಲ್ಲ ಎಂಬುದಕ್ಕೆ ಇಂದಿರಾ ಪಾಯಿಂಟ್ ನಿದರ್ಶನ. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಸಂಭವಿಸಿದ ಭೂಕಂಪದಿಂದ ಇಲ್ಲಿನ ನೆಲವು ಸುಮಾರು 4.25 ಮೀಟರ್ ಕುಸಿಯಿತು. ನಂತರ ಅಪ್ಪಳಿಸಿದ ಸುನಾಮಿಯಲ್ಲಿ ಅಲ್ಲಿ ವಾಸವಾಗಿದ್ದ ಅನೇಕರು ಪ್ರಾಣ ಕಳೆದುಕೊಂಡರು. 1972ರಲ್ಲಿ ಕಾರ್ಯಾರಂಭ ಮಾಡಿದ್ದ ದೀಪಸ್ತಂಭವು ಉಳಿದುಕೊಂಡಿತಾದರೂ, ನೆಲದ ಮೇಲಿದ್ದ ಅದರ ಬುಡವು ಸಮುದ್ರದ ನೀರಿನಲ್ಲಿ ಮುಳುಗಿತು.

ಎತ್ತರ ಮತ್ತು ತಗ್ಗು

ಸಿಕ್ಕಿಂ ಹಾಗೂ ನೇಪಾಳದ ಗಡಿಯಲ್ಲಿರುವ ಕಾಂಚನಜುಂಗಾ ಶಿಖರದ ಎತ್ತರ 8,586 ಮೀಟರ್. ಇದಕ್ಕಿಂತ ಎತ್ತರದ ಕೆ2 ಶಿಖರವು (8,611 ಮೀಟರ್) ಪಾಕ್ ಆಕ್ರಮಿತ ಪ್ರದೇಶದಲ್ಲಿದೆ. ಕೇರಳದ ಕುಟ್ಟನಾಡು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದ್ದು, ರೈತರು ಬದುಗಳನ್ನು ಕಟ್ಟಿ, ನೀರನ್ನು ಹೊರಹಾಕಿ ಭತ್ತ ಬೆಳೆಯುತ್ತಾರೆ. ಈ ಕೃಷಿ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿದೆ.

ವಿಸ್ತೀರ್ಣ

ಅತಿ ದೊಡ್ಡ ರಾಜ್ಯ: ರಾಜಸ್ಥಾನ (3,42,239 ಚದರ ಕಿ.ಮೀ.)
ಅತಿ ಚಿಕ್ಕ ರಾಜ್ಯ: ಗೋವಾ (3,702 ಚದರ ಕಿ.ಮೀ.)
ಅತಿ ದೊಡ್ಡ ಕೇಂದ್ರಾಡಳಿತ ಪ್ರದೇಶ: ಲಡಾಖ್
ಅತಿ ಚಿಕ್ಕ ಕೇಂದ್ರಾಡಳಿತ ಪ್ರದೇಶ: ಲಕ್ಷದ್ವೀಪ (32 ಚದರ ಕಿ.ಮೀ.)

1,91,791 ಚದರ ಕಿ.ಮೀ. ವಿಸ್ತೀರ್ಣದ ಕರ್ನಾಟಕವು ರಾಜ್ಯಗಳಲ್ಲಿ ಆರನೆಯ ಸ್ಥಾನದಲ್ಲಿದೆ.

ತುದಿಗಳು ಮತ್ತು ಕಾಲಮಾನ

ಭೂಮಿಯು ಒಂದು ಡಿಗ್ರಿ ರೇಖಾಂಶದಷ್ಟು ತಿರುಗಲು 4 ನಿಮಿಷ ಬೇಕು. ಆದ್ದರಿಂದ ಪೂರ್ವ ಮತ್ತು ಪಶ್ಚಿಮ ತುದಿಗಳ ಸ್ಥಳೀಯ ವೇಳೆಯಲ್ಲಿ ಸುಮಾರು 2 ಗಂಟೆಗಳ ಅಂತರವಿದೆ. ಆದರೆ ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾದುಹೋಗುವ 82°30' ಪೂರ್ವ ರೇಖಾಂಶದ ವೇಳೆಯೇ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಇದರಿಂದ ಈಶಾನ್ಯ ರಾಜ್ಯಗಳಲ್ಲಿ ಕಚೇರಿಗಳು ತೆರೆಯುವ ಮೊದಲೇ ಹಗಲಿನ ಹಲವು ಗಂಟೆಗಳು ಕಳೆದಿರುತ್ತವೆ ಮತ್ತು ಸಂಜೆ ಬೇಗನೆ ಕತ್ತಲಾಗುತ್ತದೆ. ಅಸ್ಸಾಮಿನ ಚಹಾ ತೋಟಗಳು ಹಗಲಿನ ಬೆಳಕನ್ನು ಬಳಸಿಕೊಳ್ಳಲು ಗಡಿಯಾರವನ್ನು ಒಂದು ಗಂಟೆ ಮುಂದಿರಿಸುವ 'ತೋಟದ ಸಮಯ'ವನ್ನು ಬ್ರಿಟಿಷರ ಕಾಲದಿಂದ ರೂಢಿಯಲ್ಲಿರಿಸಿಕೊಂಡಿವೆ.